ಒಳಗೆ ತಾಮ್ರ, ಕಣದಾಚೆ ಫೈಬರ್: ಕನ್ಸೋಲ್ ಲೈನ್ ಕೆಲಸದ ಲಾಗ್

ಜಾಗ: ಕೊಡಗಿನ ಮೂರ್ನಾಡು ಕಡೆಯ ಹಳೇ ತೋಟದ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹಲಗೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು, ಮುಂದಿನ ಜಗಲಿಗೆ ತಗಡಿನ ಶೀಟು. ಫೈಬರ್ ಲೈನ್ ಬಂದು ಸೇರುವ ಒಎನ್‌ಟಿ ಡಬ್ಬಿ ಜಗಲಿ ಪಕ್ಕದ ಕೋಣೆಯಲ್ಲಿದೆ, ರೂಟರೂ ಅದೇ. ಪಿಎಸ್5 (ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಇರುವುದು ಮೂರು ಗೋಡೆ ದಾಟಿ ಹಿಂದಿನ ಟಿವಿ ಕೋಣೆಯಲ್ಲಿ. ಕಾಫಿ ಒಣಗಿಸುವ ಕಣದಾಚೆ ಔಟ್‌ಹೌಸ್, ಅಲ್ಲೊಂದು ಎಕ್ಸ್‌ಬಾಕ್ಸ್ ಸೀರೀಸ್ ಎಸ್. ಎರಡಕ್ಕೂ ವೈಫೈ ಸಾಕೋ, ವೈರ್ ಎಳೆಯಬೇಕೋ ಅನ್ನುವುದನ್ನು ತೀರ್ಮಾನಿಸುವ ಕೆಲಸ ಇದು.

ಮೊದಲು ಅಳತೆ

ಸ್ಪೀಡ್ ಟೆಸ್ಟ್ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಆನ್‌ಲೈನ್ ಆಟ ತಿನ್ನುವ ಡೇಟಾ ಬಹಳ ಕಮ್ಮಿ, ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಆಗುವುದಿಲ್ಲ. ಆದರೆ ಆ ಡೇಟಾ ಹೊತ್ತು ತರುವ ಚಿಕ್ಕ ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ಬರುತ್ತಿರಬೇಕು. ಸೆಕೆಂಡಿಗೆ 60 ಅಂದರೆ ಸುಮಾರು 17 ಮಿಲಿಸೆಕೆಂಡಿಗೆ ಒಂದು. ವೈಫೈ ಒಮ್ಮೆ 120 ಮಿಲಿಸೆಕೆಂಡ್ ತಡವರಿಸಿದರೆ ಏಳು ಪ್ಯಾಕೆಟ್ ಒಟ್ಟಿಗೆ ಬಂದು ಬೀಳುತ್ತವೆ. ಎದುರಾಳಿ ನಿಂತಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷ. ಪಿಎಸ್5ರ ಟೆಸ್ಟ್ ಈ ತಡವರಿಕೆಯನ್ನು ತೋರಿಸುವುದೇ ಇಲ್ಲ. ಎಕ್ಸ್‌ಬಾಕ್ಸ್ ಪ್ಯಾಕೆಟ್ ಲಾಸ್ (ಎಷ್ಟು ಪ್ಯಾಕೆಟ್ ಕಳೆದುಹೋಯಿತು) ಮತ್ತು ಲೇಟೆನ್ಸಿ (ಹೋಗಿ ಬರಲು ಹಿಡಿಯುವ ಹೊತ್ತು) ತೋರಿಸುತ್ತದೆ, ಅಷ್ಟರ ಮಟ್ಟಿಗೆ ವಾಸಿ.

ಹಾಗಾಗಿ ಲ್ಯಾಪ್‌ಟಾಪನ್ನು ಟಿವಿ ಸ್ಟ್ಯಾಂಡಿನ ಮೇಲೆ, ಕನ್ಸೋಲ್ ಇರುವ ಜಾಗದಲ್ಲೇ ಇಟ್ಟು, ರೂಟರ್ ವಿಳಾಸಕ್ಕೆ (ಹೆಚ್ಚಿನ ಕಡೆ 192.168.1.1) ಬಿಡದೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯುವ ಪುಟ್ಟ ಸಂದೇಶ) ಹಾಕುವುದು. ಇಂಟರ್ನೆಟ್ಟಿಗಲ್ಲ, ರೂಟರಿಗೆ. ಆಗ ಮನೆಯೊಳಗಿನ ತೊಂದರೆ ಬೇರೆ, ಹೊರಗಿನ ಲೈನಿನ ತೊಂದರೆ ಬೇರೆ ಅಂತ ಗೊತ್ತಾಗುತ್ತದೆ. ಸರಾಸರಿ ಚೆನ್ನಾಗೇ ಕಾಣುತ್ತದೆ, ಅದನ್ನು ಬಿಟ್ಟು ಅತಿ ಹೆಚ್ಚಿನ ಅಂಕಿ ನೋಡಬೇಕು. ಟಿವಿ ಕೋಣೆಯಲ್ಲಿ ಸರಾಸರಿ 4-5 ಮಿಲಿಸೆಕೆಂಡ್; ಮೈಕ್ರೋವೇವ್ ಓವನ್ ಹಾಕಿದರೆ ನಡುನಡುವೆ 150 ದಾಟುತ್ತದೆ. ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ 2.4 ಬ್ಯಾಂಡಿನ ಮಧ್ಯಕ್ಕೇ.

ವೈಫೈಗೆ ಕೊಟ್ಟ ಅವಕಾಶ

2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ತೋಟದ ಮನೆಗೆ ಪಕ್ಕದ ಮನೆಯ ವೈಫೈ ಕಾಟ ಇಲ್ಲದ್ದರಿಂದ ಚಾನೆಲ್ ಬದಲಾಯಿಸಿ ಏನೂ ಸಿಗಲಿಲ್ಲ. 5 ಗಿಗಾಹರ್ಟ್ಸ್‌ಗೆ ಹೋದರೆ ಓವನ್ ತೊಂದರೆ ತಪ್ಪುತ್ತದೆ, ಆದರೆ ಮೂರು ಮಣ್ಣಿನ ಗೋಡೆ ದಾಟುವ ಹೊತ್ತಿಗೆ ಸಿಗ್ನಲ್ ಮೈನಸ್ 75 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಮ್ಮಿ). ಮೈನಸ್ 65ರ ಒಳಗಿದ್ದರೆ ಆಟಕ್ಕೆ ನೆಮ್ಮದಿ. 70 ದಾಟಿತೋ, ಮರುಪ್ರಸಾರವೇ ಹೆಚ್ಚು. ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೂ ಕೆಡುತ್ತದೆ. ಬೇಸಿಗೆಯಲ್ಲಿ ಟೆಸ್ಟ್ ಮಾಡಿ ‘ಸಾಕು’ ಅಂದವರಿಗೆ ಜುಲೈನಲ್ಲಿ ಉತ್ತರ ಸಿಗುತ್ತದೆ.

ಅಂಗಡಿಯವರು ಮೊದಲು ಕೈಗೆ ಕೊಡುವುದು ಎಕ್ಸ್‌ಟೆಂಡರ್. ಕೇಳಿದ್ದನ್ನೇ ಅದೇ ರೇಡಿಯೋದಲ್ಲಿ ಮತ್ತೆ ಹೇಳುವ ಡಬ್ಬಿ ಅದು. ಸಿಗ್ನಲ್ ಕಡ್ಡಿ ತುಂಬುತ್ತದೆ, ತಡವರಿಕೆ ಉಳಿದೇ ಉಳಿಯುತ್ತದೆ. ಒಎನ್‌ಟಿ ಇರುವ ಕೋಣೆಯಲ್ಲೇ ಕನ್ಸೋಲ್ ಇದ್ದರೆ ಮಾತ್ರ 5 ಗಿಗಾಹರ್ಟ್ಸ್ ವೈಫೈಗೆ ನಮ್ಮ ಓಟು, ವೈರಿನ ಗೋಜೇ ಬೇಡ. ಮೊದಲ ಪಿಎಸ್4ಗೆ ಇದು ಅನ್ವಯಿಸದು, ಅದರಲ್ಲಿರುವುದು ಬರೀ 2.4, ಪಕ್ಕದಲ್ಲೇ ಇದ್ದರೂ ವೈರ್ ಕೊಡಿ.

ಟಿವಿ ಕೋಣೆಗೆ ತಾಮ್ರ

ದಾರಿ: ಒಎನ್‌ಟಿಯಿಂದ ಮೇಲಕ್ಕೆ, ಅಟ್ಟದ ಹಲಗೆಗೆ 22 ಎಂಎಂ ತೂತು, ಅಟ್ಟದ ಉದ್ದಕ್ಕೂ 20 ಎಂಎಂ ಪಿವಿಸಿ ಪೈಪು, ಟಿವಿ ಹಿಂದೆ ಇಳಿಕೆ. ಇಳಿಕೆ, ತಿರುವು ಎಲ್ಲ ಸೇರಿ 18 ಮೀಟರ್. ತಂದದ್ದು 22 ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್ (ಒಳಗೆ ಎಂಟು ತಂತಿ, ಎರಡೆರಡನ್ನು ಹೆಣೆದ ನಾಲ್ಕು ಜೋಡಿ). ಗೋಡೆ ಕೊರೆಯುವ ಪ್ರಮೇಯವೇ ಬರಲಿಲ್ಲ. ಮಣ್ಣಿನ ಗೋಡೆಗೆ ಹ್ಯಾಮರ್ ಡ್ರಿಲ್ ಇಟ್ಟರೆ ಆಚೆ ಬದಿಯಲ್ಲಿ ಗಾರೆ ಹೆಂಟೆಯಾಗಿ ಉದುರುತ್ತದೆ. ಪೈಪಿಲ್ಲದೆ ಅಟ್ಟದಲ್ಲಿ ಬಿಟ್ಟ ಕೇಬಲ್ ಇಲಿಗೆ ಹಬ್ಬ. ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬಾರದು. ಪಕ್ಕಪಕ್ಕ ಹೋಗುವಲ್ಲಿ ಎಂಟು ಇಂಚು ಅಂತರ, ದಾಟುವಲ್ಲಿ ನೇರ ಅಡ್ಡಕ್ಕೆ.

ಕೇಬಲ್ ಕೊಳ್ಳುವಾಗ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು, ಕ್ರಿಂಪ್ ಮಾಡಿದಲ್ಲೇ (ಪ್ಲಗ್ ಒತ್ತಿ ಕೂರಿಸಿದಲ್ಲೇ) ಮುರಿಯುತ್ತದೆ. ಪ್ಲಗ್ ಹಾಕಿದ ರೆಡಿಮೇಡ್ ಕೇಬಲನ್ನು 20 ಎಂಎಂ ಪೈಪಿನ ತಿರುವಿನಲ್ಲಿ ಎಳೆಯಲು ಆಗದು. ಮೊದಲು ಎಳೆದು, ಆಮೇಲೆ ಕ್ರಿಂಪ್.

ಹೆಚ್ಚು ಜನ ಎಡವುವುದು ಕ್ರಿಂಪಿಂಗಿನಲ್ಲೇ. ಪ್ಲಗ್ಗಿನ ಲಾಕ್ ಕೆಳಗೆ, ಚಿನ್ನದ ಬಣ್ಣದ ಪಿನ್ ಮೇಲೆ ಇರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಬಿಟ್ಟು 3 ಮತ್ತು 6ಕ್ಕೆ ಹೋಗುವುದನ್ನು ಗಮನಿಸಿ. ‘ಎರಡೂ ತುದಿ ಒಂದೇ ಥರ ಇದ್ದರಾಯಿತು’ ಅಂತ ನಾಲ್ಕೂ ಜೋಡಿಯನ್ನು ಸಾಲಾಗಿ ಜೋಡಿಸಿದರೆ ಟೆಸ್ಟರಿನ ಎಂಟೂ ದೀಪ ಸರಿಯಾಗೇ ಉರಿಯುತ್ತವೆ, ಲಿಂಕ್ ಮಾತ್ರ ಕುಂಟುತ್ತದೆ. ಕಾರಣ, 3 ಮತ್ತು 6 ಒಂದೇ ಸಿಗ್ನಲ್ಲಿನ ಎರಡು ತಂತಿ. ಅವು ಬೇರೆ ಬೇರೆ ಹೆಣಿಗೆಗೆ ಹೋದರೆ ಪಕ್ಕದ ಜೋಡಿಯ ಗದ್ದಲ ಒಳಗೆ ನುಗ್ಗುತ್ತದೆ. ಟೆಸ್ಟರ್ ನೋಡುವುದು ತಂತಿ ತುಂಡಾಗಿದೆಯೋ ಇಲ್ಲವೋ ಅನ್ನುವುದನ್ನು, ಹೆಣಿಗೆಯನ್ನಲ್ಲ. ಹೆಣಿಗೆ ಬಿಚ್ಚುವುದೂ ಅರ್ಧ ಇಂಚಿಗಿಂತ ಹೆಚ್ಚಾಗಬಾರದು, ಹೊರ ಕವಚ ಪ್ಲಗ್ಗಿನ ಒಳಗೆ ಕೂತು ಕಚ್ಚಿಕೊಳ್ಳಬೇಕು.

ಹಿಂದಿನ ದರ್ಜೆಯ ಕ್ಯಾಟ್5ಇ ಕೇಬಲಿನ ಪ್ಲಗ್ಗಿಗೆ ಕ್ಯಾಟ್6ರ ದಪ್ಪ ತಂತಿ ತುರುಕಬೇಡಿ. ಟಿವಿ ತುದಿಗೆ ಪ್ಲಗ್ಗಿನ ಬದಲು ಗೋಡೆ ಡಬ್ಬಿಯಲ್ಲಿ ಕೀಸ್ಟೋನ್ ಜ್ಯಾಕ್ (ಪ್ಲಗ್ ಚುಚ್ಚುವ ಸಾಕೆಟ್) ಹಾಕಿ, ಅಲ್ಲಿಂದ ಕನ್ಸೋಲಿಗೆ ಮೆತ್ತನೆಯ ಎರಡು ಮೀಟರ್ ಪ್ಯಾಚ್ ಕಾರ್ಡ್ ಕೊಟ್ಟಿದೆ. ಗಟ್ಟಿ ತಂತಿಯ ಕೇಬಲನ್ನು ದಿನಾ ಎಳೆದಾಡಿದರೆ ಒಳಗೇ ತುಂಡಾಗುತ್ತದೆ.

ಒಎನ್‌ಟಿ ಬದಿಯಲ್ಲಿ ಯಾವ ಪೋರ್ಟ್ ಅನ್ನುವುದೂ ಮುಖ್ಯ. ಹಲವು ಡಬ್ಬಿಗಳಲ್ಲಿ ಲ್ಯಾನ್ 1 ಮಾತ್ರ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್), ಉಳಿದವು 100. ಗಿಗಾಬಿಟ್ ಪೋರ್ಟಿಗೆ ಹಾಕಿದರೂ ಲಿಂಕ್ 100 ತೋರಿಸಿದರೆ ಎಂಟರಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲ: 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನಿಮ್ಮ ಪ್ಲಾನೇ 100 ಮೆಗಾಬಿಟ್ ಆಗಿದ್ದರೆ ವ್ಯತ್ಯಾಸ ಕಾಣದು (100 ಜಿಬಿ ಆಟ ಇಳಿಯಲು ಹೇಗೂ ಎರಡೂಕಾಲು ಗಂಟೆ), ಆದರೂ ಬಿಡಬೇಡಿ. ಅರೆಬರೆ ಕೂತ ಪಿನ್ ಇಲ್ಲಿನ ಥಂಡಿಗೆ ಹಸಿರುಗಟ್ಟಿ ಮಳೆಗಾಲದ ನಡುವೆ ಕೈ ಕೊಡುತ್ತದೆ.

ಫಲಿತಾಂಶ: ರೂಟರಿಗೆ ಪಿಂಗ್ ಒಂದು ಮಿಲಿಸೆಕೆಂಡಿನ ಒಳಗೆ. ಓವನ್ ಹಾಕಿದರೂ ಅಲುಗಾಟವಿಲ್ಲ.

ಕಣದಾಚೆಗೆ

ಔಟ್‌ಹೌಸಿಗೆ ಕಣ ಬಳಸಿ 40 ಮೀಟರ್. ಕ್ಯಾಟ್6 ನೂರು ಮೀಟರ್ ತನಕ ಗಿಗಾಬಿಟ್ ಕೊಡುತ್ತದೆ, ಆದ್ದರಿಂದ ದೂರ ತೊಂದರೆಯಲ್ಲ. ತೊಂದರೆ ಸಿಡಿಲು. ಕಾಫಿ ಹೂ ಅರಳಿಸುವ ಹೂಮಳೆಯಿಂದ ಹಿಡಿದು ಮುಂಗಾರು ಹಿಡಿಯುವ ತನಕ ಕೊಡಗಿನ ಗುಡುಗು ಗೊತ್ತಿದ್ದದ್ದೇ. ನೇರ ಬಡಿಯಬೇಕಾಗಿಲ್ಲ, ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಬಡಿದರೂ ಎರಡು ಕಟ್ಟಡದ ನಡುವಿನ ತಾಮ್ರದಲ್ಲಿ ವೋಲ್ಟೇಜ್ ಏಳುತ್ತದೆ. ಲ್ಯಾನ್ ಪೋರ್ಟ್ ತಡೆಯುವಂತೆ ಪರೀಕ್ಷಿಸುವುದು 1500 ವೋಲ್ಟ್. ಸಿಡಿಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ಕನ್ಸೋಲಿನ ಲ್ಯಾನ್ ಚಿಪ್ ಮುಖ್ಯ ಬೋರ್ಡಿನ ಮೇಲೇ ಇರುತ್ತದೆ, ಸುಟ್ಟರೆ ಬೋರ್ಡೇ ಹೋಯಿತು. ಅದಕ್ಕೇ ನಮ್ಮ ನಿಯಮ: ಒಂದೇ ಸೂರಿನಡಿ ತಾಮ್ರ, ಸೂರು ದಾಟಿದರೆ ಫೈಬರ್.

ಬೇಕಾದದ್ದು: ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಿಗೆ, ಬೆಳಕನ್ನು ಮತ್ತೆ ತಾಮ್ರಕ್ಕೆ ಬದಲಿಸುವ ಡಬ್ಬಿ) ಒಂದು ಜೋಡಿ, ಎರಡೂ ತುದಿಗೆ ಕನೆಕ್ಟರ್ ಕೂರಿಸಿದ 50 ಮೀಟರ್ ಒಂಟಿ ಎಳೆ ಫೈಬರ್ ಡ್ರಾಪ್ ಕೇಬಲ್. ಕೊಳ್ಳುವಾಗ ಮೂರು ವಿಷಯ. ಕನ್ವರ್ಟರ್ ಎ ಒಂದು, ಬಿ ಒಂದು ಇರಬೇಕು. ಎ 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಬಿ ತಿರುಗಾಮುರುಗ, ಹಾಗಾಗಿ ಎರಡು ಎ ತಂದರೆ ಲಿಂಕೇ ಬರದು. ಎರಡನೆಯದು, ಇಂಥ ಕನ್ವರ್ಟರಿನ ಬಾಯಿ ಸಾಮಾನ್ಯವಾಗಿ ನೀಲಿ, ಒಎನ್‌ಟಿಗೆ ಬರುವ ಕನೆಕ್ಟರ್ ಹೆಚ್ಚಾಗಿ ಹಸಿರು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಗೆ ಚುಚ್ಚಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಮೂರನೆಯದು, ಕೇಬಲಿನ ಆಧಾರದ ಕಡ್ಡಿ ಉಕ್ಕಿನದ್ದಾಗಿರಬಾರದು, ಫೈಬರ್‌ಗ್ಲಾಸಿನದ್ದು ಬೇಕು. ಇಲ್ಲದಿದ್ದರೆ ಸಿಡಿಲಿಗೆ ಬೇರೆ ತಂತಿ ಹಾಕಿಕೊಟ್ಟಂತೆ.

ಪೈಪಿಗೆ ಪೇಟೆಗೆ ಹೋಗಬೇಕಾಗಲಿಲ್ಲ. ತೋಟದಲ್ಲಿ ಸ್ಪ್ರಿಂಕ್ಲರ್ ಲೈನಿನ ಕಪ್ಪು ಎಚ್‌ಡಿಪಿಇ ತುಂಡುಗಳು ಇದ್ದೇ ಇರುತ್ತವೆ. ಒಂದಿಂಚಿನದು ಸಾಕು. ಕಣದ ಸಿಮೆಂಟ್ ಒಡೆಯದೆ ಅಂಚಿನಲ್ಲಿ ಚರಂಡಿ, ಆಳ ಒಂದೂವರೆ ಅಡಿ. ಅದಕ್ಕಿಂತ ಮೇಲಿದ್ದರೆ ಕಾಡುಹಂದಿ ಕೆದಕಿ ಹಾಕುತ್ತವೆ. ಕಂಬ ನೆಟ್ಟು ಮೇಲಿಂದ ಎಳೆದಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಬೀಳುವ ಕೊಂಬೆಗಳ ಕಾಟ. ಕನೆಕ್ಟರಿಗೆ ಪ್ಲಾಸ್ಟಿಕ್ ಸುತ್ತಿ, ತಲೆಯ ಮೇಲೆ ಎಳೆತ ಬೀಳದಂತೆ ಕೇಬಲಿಗೆ ಹಗ್ಗ ಕಟ್ಟಿ ಎಳೆಯಬೇಕು. ತಿರುವು ಅಂಗೈ ಅಗಲಕ್ಕಿಂತ ಬಿಗಿ ಬೇಡ. ಜೋಡಿಸುವ ಮೊದಲು ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಉರಿಯುತ್ತಿರುವ ಫೈಬರಿನ ಬಾಯಿಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ.

ಕರೆಂಟ್

ಫೈಬರ್ ಸಿಡಿಲು ತಾರದು, ಕರೆಂಟ್ ಲೈನ್ ತರುತ್ತದೆ. ಗುಡುಗಿದಾಗ ಕನ್ಸೋಲ್, ಟಿವಿ, ಒಎನ್‌ಟಿ ಎಲ್ಲದರ ಪ್ಲಗ್ ಕೀಳುವುದೇ ಸರಿ. ಸ್ವಿಚ್ ಆರಿಸಿದರೆ ಸಾಲದು. ಒಎನ್‌ಟಿಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದೆ. ಮನೆಯ ಇನ್ವರ್ಟರ್ ಬದಲಾಯಿಸಿಕೊಳ್ಳುವ ಕ್ಷಣದಲ್ಲಿ ಒಎನ್‌ಟಿ ರೀಸ್ಟಾರ್ಟ್ ಆದರೆ ಮತ್ತೆ ಲೈನ್ ಹಿಡಿಯಲು ನಿಮಿಷಗಳೇ ಬೇಕು, ಅಷ್ಟರಲ್ಲಿ ಮ್ಯಾಚ್ ಕೈಬಿಟ್ಟಿರುತ್ತದೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ತಿರುಗಿಸಿ. ಮೀಡಿಯಾ ಕನ್ವರ್ಟರ್ ಹೆಚ್ಚಾಗಿ 5 ವೋಲ್ಟಿನದು, 12ರ ಪಿನ್ ಚುಚ್ಚಿಬಿಡಬೇಡಿ.

ವೈರ್ ಸರಿ ಮಾಡದ್ದು

ಪಿಎಸ್5 ನ್ಯಾಟ್ ಟೈಪ್ 3 (ಹೊರಗಿನಿಂದ ಬರುವ ಸಂಪರ್ಕಕ್ಕೆ ರೂಟರಿನ ಬಿಗಿ ತಡೆ) ತೋರಿಸಿ ಗೆಳೆಯರ ಪಾರ್ಟಿಗೆ ಸೇರಲಾಗದಿದ್ದರೆ ಅದು ಕೇಬಲಿನ ವಿಷಯವಲ್ಲ. ಒಎನ್‌ಟಿ ಹಿಂದೆ ಇನ್ನೊಂದು ರೂಟರ್ ಇದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಬರೀ ವೈಫೈ ಕೊಡುವ ಕೆಲಸಕ್ಕೆ) ಹಾಕಿ, ಒಎನ್‌ಟಿಯಲ್ಲಿ ಯುಪಿಎನ್‌ಪಿ (ಕನ್ಸೋಲ್ ತನಗೆ ಬೇಕಾದ ದಾರಿ ತಾನೇ ತೆರೆಸಿಕೊಳ್ಳುವ ಸೌಲಭ್ಯ) ಆನ್ ಮಾಡಿ. ಆಮೇಲೂ ಹಾಗೇ ಇದ್ದರೆ ಕಂಪನಿ ಒಂದೇ ಐಪಿಯನ್ನು ಹಲವು ಮನೆಗೆ ಹಂಚುತ್ತಿರಬಹುದು, ಪಬ್ಲಿಕ್ ಐಪಿ ಕೇಳಬೇಕು. ಫೋನುಗಳು ಫೋಟೋ ಬ್ಯಾಕಪ್ ಮಾಡುವಾಗ ಪಿಂಗ್ ಏರಿದರೆ ಅಪ್‌ಲೋಡ್ ಸಾಲು ತುಂಬಿದೆ ಅಂತ. ರೂಟರಿನ ಕ್ಯೂಒಎಸ್ (ಡೇಟಾ ಹಂಚಿಕೆಯ) ಸೆಟ್ಟಿಂಗಿನಲ್ಲಿ ಅಪ್‌ಲೋಡನ್ನು ಪ್ಲಾನಿನ ಶೇ. 90ಕ್ಕೆ ಕಟ್ಟಿಹಾಕಿ.

ಬಾಕಿ

ಡಿಬಿ ಬಾಕ್ಸಿಗೆ (ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆಗೆ) ಟೈಪ್ 2 ಸರ್ಜ್ ಪ್ರೊಟೆಕ್ಟರ್ (ದಿಢೀರ್ ವೋಲ್ಟೇಜ್ ಏರಿಕೆ ತಡೆಯುವ ಸಾಧನ) ಕೂರಿಸಬೇಕು, ಅದಕ್ಕೂ ಮೊದಲು ಅರ್ಥಿಂಗ್ ಅಳೆಸಬೇಕು. ಅರ್ಥ್ ಸರಿಯಿಲ್ಲದೆ ಪ್ರೊಟೆಕ್ಟರ್ ಹಾಕಿ ಉಪಯೋಗವಿಲ್ಲ. ಔಟ್‌ಹೌಸ್ ಬದಿಯ ಪೈಪಿನ ಬಾಯಿಗೆ ಸದ್ಯ ಬಟ್ಟೆ ತುರುಕಿದೆ. ಇರುವೆ ಗೂಡು ಕಟ್ಟುವ ಮೊದಲು ಎಂ-ಸೀಲ್ ಹಾಕಬೇಕು.