ಕಕ್ಕಡದ ಮಳೆಯಲ್ಲಿ ಸ್ವಿಸ್ ಹಬ್ಬ

ಆಗಸ್ಟ್ 1, ಕೊಡವರ ಕಕ್ಕಡ ತಿಂಗಳು. ಕೊಡಗಿನ ಕಕ್ಕಬ್ಬೆಯಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು, ಕರೆಂಟೂ ಇರಲಿಲ್ಲ. ನಮ್ಮ ಹೋಂಸ್ಟೇಯಲ್ಲಿ ಇದ್ದದ್ದು ಸ್ವಿಟ್ಜರ್ಲೆಂಡಿನ ಗಂಡ ಹೆಂಡತಿ ಇಬ್ಬರೇ. ಬೆಳಿಗ್ಗೆ ಕಾಫಿ ಕೊಟ್ಟಾಗ ಆಕೆ, "ಇವತ್ತು ನಮ್ಮ ದೇಶದ ಹಬ್ಬ" ಅಂದರು.

1291ರಲ್ಲಿ ಬೆಟ್ಟದ ಸೀಮೆಯ ಮೂರು ಪ್ರಾಂತ್ಯಗಳು ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುತ್ತೇವೆ ಅಂತ ಮಾತು ಕೊಟ್ಟುಕೊಂಡ ನೆನಪಂತೆ. ರಾತ್ರಿ ಬೆಟ್ಟಗಳ ಮೇಲೆ ದೊಡ್ಡ ಬೆಂಕಿ ಹಾಕುತ್ತಾರೆ. ಮಕ್ಕಳು ಕಾಗದದ ದೀಪ ಹಿಡಿದು ನಡೆಯುತ್ತಾರೆ. ಹೇಳುತ್ತಾ ಆಕೆ ಕಿಟಕಿಯಾಚೆ ನೋಡಿದರು. ತಡಿಯಂಡಮೋಳ್ ಬೆಟ್ಟ ಮಂಜಿನಲ್ಲಿ ಮುಚ್ಚಿಹೋಗಿತ್ತು.

ನನಗೆ ಸುಮ್ನೆ ಇರಲಾಗಲಿಲ್ಲ. ಆದರೆ ಈ ಮಳೆಯಲ್ಲಿ ಬೆಂಕಿ ಎಲ್ಲಿ ಹಾಕುವುದು? ಅವ್ವನೇ ದಾರಿ ತೋರಿಸಿದರು. "ಅಡುಗೆಮನೆ ಒಲೆ ಇದೆಯಲ್ಲ, ಅಲ್ಲಿಗೇ ಕರಿ."

ಅಟ್ಟದಲ್ಲಿ ಒಣಗಿಸಿಟ್ಟಿದ್ದ ಕಾಫಿ ಗಿಡದ ಸೌದೆ ತಂದೆ. ಅದು ಹತ್ತಿಕೊಂಡರೆ ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಕೆಂಪು ಕಾಗದ ಕತ್ತರಿಸಿ, ಬಿಳಿ ಪ್ಲಸ್ ಗುರುತು ಅಂಟಿಸಿ, ಚೌಕ ಬಾವುಟ ಮಾಡಿದೆ. ಅವರ ಬಾವುಟ ನಮ್ಮ ಹಾಗೆ ಉದ್ದ ಅಲ್ಲ, ಪೂರ್ತಿ ಚೌಕ. ಅಕ್ಕಿ ರೊಟ್ಟಿ, ಕಣಿಲೆ (ಎಳೆ ಬಿದಿರು) ಪಲ್ಯ ಆಯಿತು. ಊಟದ ನಡುವೆ ಇಬ್ಬರೂ ಎದ್ದು ನಿಂತು ರಾಷ್ಟ್ರಗೀತೆ ಹಾಡಿದರು. ಅವ್ವನೂ ಸೌಟು ಹಿಡಿದೇ ಎದ್ದು ನಿಂತರು.

ಅವರ ದೇಶಕ್ಕೆ ನಾಲ್ಕು ಭಾಷೆ. ನಮ್ಮ ತೋಟದಲ್ಲೂ ಕೊಡವ ತಕ್ಕ್, ಕನ್ನಡ, ಮಲಯಾಳ, ತುಳು ಎಲ್ಲ ಕೇಳಿಸುತ್ತದೆ ಅಲ್ವಾ? ಅದನ್ನು ಹೇಳಿದಾಗ ಆಕೆಗೆ ಬಹಳ ಖುಷಿಯಾಯಿತು.

ಮರುದಿನ ಹೊರಡಬೇಕಿತ್ತು. ಅವ್ವ ಬಿಡಲಿಲ್ಲ. "ನಾಡಿದ್ದು ಕಕ್ಕಡ 18, ಮದ್ದು ಪಾಯಸ ತಿಂದೇ ಹೋಗಲಿ." ಅವರು ಉಳಿದರು. ಮದ್ದು ಸೊಪ್ಪಿನ ರಸ ಹಾಕಿ ಮಾಡಿದ ನೇರಳೆ ಬಣ್ಣದ ಪಾಯಸಕ್ಕೆ ಜೇನು ಹಾಕಿಸಿಕೊಂಡು ಎರಡೆರಡು ಬಟ್ಟಲು ತಿಂದರು.