ಹೊರಡುವ ಹಕ್ಕಿಗಳ ಕೊನೆಯ ದಿನ

ಮಾರ್ಚ್ ಮೊದಲ ವಾರ ಶಿರಸಿ ಹತ್ತಿರದ ತವರುಮನೆಗೆ ಹೋದಾಗ, ತೋಟದ ಬಸಿಗಾಲುವೆಯ ಅಂಚಿನಲ್ಲಿ ಬೂದು ಕುಂಡೆಕುಸ್ಕ ಇನ್ನೂ ಓಡಾಡುತ್ತಿತ್ತು. ಸೆಪ್ಟೆಂಬರಿನಲ್ಲಿ ಮಳೆ ಹೊಳವಾಗುವ ಹೊತ್ತಿಗೆ ಬಂದು, ಕಾಲುವೆಯ ಅದೇ ಇಪ್ಪತ್ತು ಮಾರು ಜಾಗವನ್ನು ತನ್ನದೆಂದು ಹಿಡಿದುಕೊಂಡು, ಬಾಲವನ್ನು ಕುಣಿಸುತ್ತ ಹುಳ ಹೆಕ್ಕುತ್ತ ಆರು ತಿಂಗಳು ಕಳೆದ ಹಕ್ಕಿ ಅದು. ದುರ್ಬೀನು ಹಿಡಿದು ನೋಡಿದರೆ, ಚಳಿಗಾಲವಿಡೀ ಬೆಳ್ಳಗಿದ್ದ ಅದರ ಗಂಟಲಿನಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಮೂಡಿದ್ದವು. ಬಾಲದ ಬುಡದಲ್ಲಷ್ಟೇ ಇದ್ದ ಹಳದಿ ಹೊಟ್ಟೆಗೂ ಎದೆಗೂ ಹರಡಿ ಅರಿಶಿನದಷ್ಟು ಗಾಢವಾಗಿತ್ತು. ಗಂಡು ಹಕ್ಕಿ. ಇನ್ನು ಕೆಲವೇ ವಾರಗಳಲ್ಲಿ ಗಂಟಲು ಪೂರ್ತಿ ಕಪ್ಪಾಗುತ್ತದೆ, ಆದರೆ ಅದನ್ನು ನೋಡುವ ಭಾಗ್ಯ ನಮ್ಮ ತೋಟಕ್ಕಿಲ್ಲ. ಆ ಹೊತ್ತಿಗೆ ಅದು ಹಿಮಾಲಯದ ಯಾವುದೋ ತೊರೆಯ ಬಂಡೆಯ ಮೇಲೋ, ಅದರಾಚೆಯ ಇನ್ನಾವುದೋ ಕಣಿವೆಯಲ್ಲೋ ಇರುತ್ತದೆ.

ವಸಂತವೆಂದರೆ ಹಕ್ಕಿಗಳು ಮರಳಿ ಬರುವ ಕಾಲ ಎಂದು ಶಾಲೆಯ ಇಂಗ್ಲಿಷ್ ಪಾಠಗಳಲ್ಲಿ ಓದಿದ ನೆನಪು ನಮ್ಮಲ್ಲಿ ಅನೇಕರಿಗೆ ಇದೆ. ಏಪ್ರಿಲಿನಲ್ಲಿ ಅಂಬರಗುಬ್ಬಿ ಕಂಡರೆ ಯುರೋಪಿನ ಹಳ್ಳಿಗಳಲ್ಲಿ ಜನ ಚಳಿ ಮುಗಿಯಿತೆಂದು ಹಿಗ್ಗುತ್ತಾರೆ. ಉತ್ತರ ಕನ್ನಡದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಹಾಲಕ್ಕಿಗಳ ಸುಗ್ಗಿ ಕುಣಿತದ ತಂಡಗಳು ಊರೂರು ತಿರುಗುವ ಫಾಲ್ಗುಣದಲ್ಲಿ, ಸದಾಶಿವಗಡದ ಬದಿಯ ವಿದ್ಯುತ್ ತಂತಿಗಳ ಮೇಲೆ ಅದೇ ಜಾತಿಯ ಅಂಬರಗುಬ್ಬಿಗಳು ಒತ್ತೊತ್ತಾಗಿ ಕುಳಿತು ಗರಿ ತಿದ್ದಿಕೊಳ್ಳುತ್ತಿರುತ್ತವೆ, ಮತ್ತು ವಾರ ಕಳೆದಂತೆ ಆ ಸಾಲು ತೆಳುವಾಗುತ್ತ ಹೋಗುತ್ತದೆ. ಮಾವಿನ ಚಿಗುರಿನ ನಡುವೆ ಕೂಗುವ ಕೋಗಿಲೆಯನ್ನು ಕೇಳಿ ನಾವು ವಸಂತದ ಅತಿಥಿ ಬಂದಿತು ಎನ್ನುತ್ತೇವೆ. ಕೋಗಿಲೆ ಎಲ್ಲಿಂದಲೂ ಬಂದದ್ದಲ್ಲ. ವರ್ಷವಿಡೀ ನಮ್ಮ ಹಿತ್ತಿಲಲ್ಲೇ ಇದ್ದು, ಚಳಿಗಾಲದಲ್ಲಿ ದನಿಯೆತ್ತದೆ ಇದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಅತಿಥಿಗಳೆನ್ನಬಹುದಾದವು ಅದೇ ಮಾವಿನ ಮರದಲ್ಲಿ ಸದ್ದಿಲ್ಲದೆ ಹೊರಡುವ ಸಿದ್ಧತೆಯಲ್ಲಿರುತ್ತವೆ. ಎಂಟು ಗ್ರಾಂ ತೂಗುವ ಹಸಿರು ಉಲಿಯಕ್ಕಿ, ಬೇಲಿಯ ಗೂಟದ ಮೇಲೆ ಕೂರುವ ಕಂದು ಕಳಿಂಗ, ಹಾಲವಾಣದ ಕೆಂಪು ಹೂವಿಗೆ ಗುಂಪಾಗಿ ಮುತ್ತುವ ಗುಲಾಬಿ ಕಬ್ಬಕ್ಕಿಗಳು, ಎಲ್ಲವೂ.

ಬಂದ ದಿನವನ್ನು ಬರೆದಿಡುವುದು ಸುಲಭ. ನಿನ್ನೆ ಇರಲಿಲ್ಲ, ಇಂದು ಇದೆ. ಕಂಡ ಕೂಡಲೇ ಅದು ಮೊದಲ ದಿನವೆಂದು ತಿಳಿಯುತ್ತದೆ, ಸಂತೋಷದಿಂದ ಬರೆದಿಡುತ್ತೇವೆ. ಹೋದ ದಿನ ಹಾಗಲ್ಲ. ಕೊನೆಯ ಸಲ ನೋಡುತ್ತಿರುವಾಗ ಅದು ಕೊನೆಯ ಸಲ ಎಂಬುದು ಗೊತ್ತಿರುವುದಿಲ್ಲ. ವಾರವೋ ಹತ್ತು ದಿನವೋ ಕಳೆದ ಮೇಲೆ, ಅಯ್ಯೋ ಕಾಣುತ್ತಿಲ್ಲವಲ್ಲ ಎಂದು ನೆನಪಾಗುತ್ತದೆ, ಆಗ ಹಿಂದಿನ ಯಾವ ದಿನ ಅದನ್ನು ನೋಡಿದ್ದೆ ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಹಲವು ವರ್ಷ ‘ಬಂದದ್ದು’ ಎಂಬ ಕಲಮು ತುಂಬಿತ್ತು, ‘ಹೋದದ್ದು’ ಎಂಬ ಕಲಮು ಖಾಲಿ ಇತ್ತು. ಅದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ. ಆರು ತಿಂಗಳು ಮನೆಯಲ್ಲಿದ್ದವರು ಹೊರಟದ್ದನ್ನು ಗಮನಿಸದೇ ಉಳಿದಂತೆ. ಈಗ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ‘ಇಂದು ಇದೆ’, ‘ಇಂದು ಕಾಣಲಿಲ್ಲ’ ಎಂದು ಪ್ರತಿದಿನ ಎರಡರಲ್ಲೊಂದನ್ನು ಬರೆಯುತ್ತೇನೆ. ಕಾಣಲಿಲ್ಲ ಎಂಬುದನ್ನೂ ಬರೆಯಬೇಕು ಎಂಬುದನ್ನು ಕಲಿಯಲು ನನಗೆ ಅಷ್ಟು ಕಾಲ ಹಿಡಿಯಿತು. ನಾನು ಕಾರವಾರದಲ್ಲಿರುವ ದಿನಗಳಲ್ಲಿ ತೋಟದ ವರದಿ ಆಯಿಯದು, ಎಂದರೆ ನನ್ನ ತಾಯಿಯದು. ಕಳೆದ ವರ್ಷ ಫೋನಿನಲ್ಲಿ ಅಡಿಕೆ ದರದ ಸುದ್ದಿಯ ನಡುವೆ ಹೇಳಿದಳು: “ಅದು ಹೋತು ಕಾಣ್ತು ತಂಗಿ, ನಾಕು ದಿನ ಆತು, ಕಂಡಿದ್ದಿಲ್ಲೆ.” ನಾಲ್ಕು ದಿನ ಹಿಂದಕ್ಕೆ ಎಣಿಸಿ ಬರೆದುಕೊಂಡೆ.

ಕಾರವಾರದಲ್ಲಿ ಇದೇ ಕೆಲಸಕ್ಕೆ ಕಾಳಿ ನದಿಯ ಅಳಿವೆಯೇ ನನ್ನ ಜಾಗ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಚೆದುರಿಹೋಗಿ ಕಾಳು ಚೆಲ್ಲಿದಂತೆ ಕಾಣುತ್ತವೆ, ಗುರುತು ಹಿಡಿಯಲಾಗುವುದಿಲ್ಲ. ಆದ್ದರಿಂದ ಭರತಿ ಏರತೊಡಗಿದ ಮೇಲೆ, ತುಂಬಲು ಇನ್ನೂ ಎರಡು ತಾಸು ಇದೆ ಎನ್ನುವಾಗ ಹೋಗಿ ಕುಳಿತುಕೊಳ್ಳಬೇಕು. ನೀರೇ ಹಕ್ಕಿಗಳನ್ನು ನಿಧಾನವಾಗಿ ನಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಭರತಿಯ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುವುದರಿಂದ, ಒಂದು ವಾರ ಬೆಳಗಿನ ಜಾವ ಸಿಕ್ಕ ನೋಟ ಮುಂದಿನ ವಾರ ನಡುಹಗಲಿಗೆ ಸರಿದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತಿಯಲ್ಲಿ ದಂಡೆ ಅಗಲ ಕಿರಿದಾಗಿ ಹಕ್ಕಿಗಳು ಇನ್ನೂ ಹತ್ತಿರವಾಗುತ್ತವೆ. ಇದನ್ನು ನನಗೆ ಹೇಳಿಕೊಟ್ಟವರು ದೋಣಿ ನಡೆಸುವ ಒಬ್ಬ ಹಿರಿಯರು. ಅವರಿಗೆ ಹಕ್ಕಿಯ ಹಂಗಿಲ್ಲ, ನೀರಿನ ಲೆಕ್ಕ ಮಾತ್ರ ತಿಥಿ ಸಮೇತ ಬಾಯಿಪಾಠ.

ಮಾರ್ಚಿನಲ್ಲಿ ಅಲ್ಲಿ ಮೊದಲು ಬದಲಾಗುವುದು ಕಡಲಕ್ಕಿಗಳ ತಲೆ. ಕಂದುತಲೆಯ ಕಡಲಕ್ಕಿ ಎಂದು ಹೆಸರಿದ್ದರೂ ನಮ್ಮಲ್ಲಿರುವ ಬಹುಪಾಲು ದಿನ ಅದರ ತಲೆ ಬಿಳಿಯದೇ, ಕಣ್ಣಿನ ಹಿಂದೆ ಕಾಡಿಗೆ ತೀಡಿ ಒರೆಸಿದಂಥ ಒಂದು ಕಲೆ ಮಾತ್ರ. ಶಿವರಾತ್ರಿ ಕಳೆದು ಹೋಳಿ ಬರುವಷ್ಟರಲ್ಲಿ ಆ ಕಲೆ ಹರಡಿ, ಕೊಕ್ಕಿನ ಬುಡದಿಂದ ಕುತ್ತಿಗೆಯವರೆಗೆ ಕಾಫಿ ಬಣ್ಣದ ಕುಲಾವಿಯಾಗುತ್ತದೆ. ಒಂದೇ ಹಿಂಡಿನಲ್ಲಿ ಪೂರ್ತಿ ಕುಲಾವಿ ತೊಟ್ಟವು, ಅರ್ಧ ಮೂಡಿದವು, ಇನ್ನೂ ಬೆಳ್ಳಗಿರುವ ಮೊದಲ ವರ್ಷದವು ಎಲ್ಲ ಒಟ್ಟಿಗೆ ಗಾಳಿಗೆ ಮುಖಮಾಡಿ ನಿಂತಿರುತ್ತವೆ. ಕುಲಾವಿ ಪೂರ್ತಿಯಾದವು ಮೊದಲು ಹೊರಡುತ್ತವೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಏಪ್ರಿಲ್ ಹೊತ್ತಿಗೆ ಉಳಿದ ಹಿಂಡಿನಲ್ಲಿ ಬಿಳಿತಲೆಗಳೇ ಹೆಚ್ಚು. ಈ ಹಕ್ಕಿಗಳು ಮರಿ ಮಾಡುವುದು ಟಿಬೆಟಿನ ಪ್ರಸ್ಥಭೂಮಿಯಲ್ಲಿ ಮತ್ತು ನಮ್ಮ ಲಡಾಖಿನಲ್ಲಿ; ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ತ್ಸೊ ಮೊರಿರಿ ಸರೋವರವೂ ಅವುಗಳ ತಾಣಗಳಲ್ಲೊಂದು. ಬೈತಖೋಲದ ಬಂದರಿನಲ್ಲಿ ಮೀನು ಬಲೆಯಿಂದ ಬಿದ್ದ ಚೂರಿಗೆ ಕಿತ್ತಾಡುವ ಈ ಹಕ್ಕಿ ಎರಡು ತಿಂಗಳ ಬಳಿಕ ಹಿಮ ಕರಗಿದ ನೀರಿನ ನಡುಗಡ್ಡೆಯಲ್ಲಿ ಕಾವು ಕೂತಿರುತ್ತದೆ ಎಂಬುದನ್ನು ಎಷ್ಟು ವರ್ಷ ಕಳೆದರೂ ನಾನು ಸಹಜವೆಂದು ತೆಗೆದುಕೊಳ್ಳಲಾರೆ.

ಇನ್ನೊಂದು, ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರದ ಸ್ಯಾಂಡ್ ಪ್ಲೋವರ್. ಚಳಿಗಾಲದಲ್ಲಿ ಬೆನ್ನು ಒದ್ದೆ ಮರಳಿನ ಬಣ್ಣದ್ದಾದ್ದರಿಂದ ಅಲುಗದೆ ನಿಂತರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಾಗಿ ಏನನ್ನೋ ಎಳೆಯುತ್ತದೆ. ಮಾರ್ಚ್ ಮುಗಿಯುವಷ್ಟರಲ್ಲಿ ಅದರ ಎದೆಗೆ ಇಟ್ಟಿಗೆಗೆಂಪು ಪಟ್ಟಿ ಬರುತ್ತದೆ, ಕಣ್ಣಿಗೆ ಕಪ್ಪು ಮುಸುಕು ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಹೊಟ್ಟೆ ದುಂಡಗಾಗುತ್ತದೆ. ಒಂದು ದಿನ ಬೆಳಿಗ್ಗೆ ನಾನು ಹಳೆಯ ದೋಣಿಯೊಂದರ ನೆರಳಿನಲ್ಲಿ ಕುಳಿತಿದ್ದಾಗ ಒಂದು ಹಕ್ಕಿ ತೀರ ಸಮೀಪಕ್ಕೆ ಬಂದು, ತೇವದ ಮರಳಿನಿಂದ ಕಡಲಹುಳವೊಂದನ್ನು ಎಳೆಯತೊಡಗಿತು. ಹುಳ ರಬ್ಬರಿನಂತೆ ಉದ್ದವಾಯಿತು; ಹಕ್ಕಿ ಹಿಂದಕ್ಕೆ ಜಗ್ಗಿ, ಸ್ವಲ್ಪ ಸಡಿಲಬಿಟ್ಟು, ಮತ್ತೆ ಜಗ್ಗಿತು. ತುಂಡಾಗದಂತೆ ಹೊರತೆಗೆದು, ನೀರಿನಲ್ಲಿ ಒಮ್ಮೆ ಅದ್ದಿ ನುಂಗಿತು. ಆ ಒಂದು ಗಂಟೆಯಲ್ಲಿ ಅದು ತಿನ್ನುವುದನ್ನು ನಿಲ್ಲಿಸಿದ್ದು ಎರಡೇ ಸಲ.

ಆ ತಿನಿಸೆಲ್ಲ ಕೊಬ್ಬಾಗಿ ಚರ್ಮದಡಿ ಸೇರುತ್ತದೆ. ಹೊರಡುವ ಮೊದಲು ಇಂಥ ಸಣ್ಣ ದಂಡೆಹಕ್ಕಿಗಳ ತೂಕ ಒಂದೂವರೆ ಪಟ್ಟು ಆಗುವುದುಂಟು. ಹೊರಡುವ ಕಾಲ ಬಂತೆಂದು ಅವುಗಳಿಗೆ ಹೇಗೆ ತಿಳಿಯುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಹಗಲು ಉದ್ದವಾಗುವುದು ಮುಖ್ಯ ಸೂಚನೆ. ಆದರೆ ಕಾರವಾರದಂಥ ದಕ್ಷಿಣದ ಊರಿನಲ್ಲಿ ಡಿಸೆಂಬರ್ ಕೊನೆಯ ಹಗಲಿಗೂ ಏಪ್ರಿಲ್ ಆರಂಭದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದು ಗಂಟೆ ಮಾತ್ರ. ಅಷ್ಟನ್ನೇ ನೆಚ್ಚಿಕೊಳ್ಳದೆ ಹಕ್ಕಿಯ ಒಳಗೇ ಒಂದು ವಾರ್ಷಿಕ ಗಡಿಯಾರ ನಡೆಯುತ್ತಿರುತ್ತದೆ. ಜರ್ಮನಿಯ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ ಉಲಿಯಕ್ಕಿಗಳನ್ನು ಹಗಲು ರಾತ್ರಿಗಳ ಅಳತೆ ಬದಲಾಗದ ಕೋಣೆಯಲ್ಲಿ ಸಾಕಿ ನೋಡಿದಾಗ, ಗರಿ ಉದುರಿಸುವ ಮತ್ತು ವಲಸೆಗೆ ಚಡಪಡಿಸುವ ಋತುಗಳು ಆ ಕೋಣೆಯಲ್ಲೂ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬಂದವು.

ಇಷ್ಟು ಕಷ್ಟಪಟ್ಟು ಕೂಡಿಟ್ಟ ಕೊಬ್ಬನ್ನು ನಾವು ಹೇಗೆ ಕರಗಿಸುತ್ತೇವೆ ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಳೆದ ಮಾರ್ಚಿನಲ್ಲಿ ದೊಡ್ಡ ಕ್ಯಾಮೆರಾ ತಂದಿದ್ದ ಒಬ್ಬರು, ಹಿಂಡು ಹಾರುವ ಚಿತ್ರ ಬೇಕೆಂದು ಭರತಿಯಲ್ಲಿ ವಿಶ್ರಾಂತಿಗೆ ಕೂತ ಹಕ್ಕಿಗಳ ಕಡೆಗೆ ಮತ್ತೆ ಮತ್ತೆ ಓಡಿದರು. ನಾನು ಎಣಿಸಿದಂತೆ ಅರ್ಧ ಗಂಟೆಯಲ್ಲಿ ಆರು ಸಲ ಹಿಂಡು ಎದ್ದಿತು. ನಾನು ಹತ್ತಿರ ಹೋಗಿ ಹೇಳಿದೆ. ಅವರು ಕೇಳಿದರು, ನಿಲ್ಲಿಸಿದರು, ಗೊತ್ತಿರಲಿಲ್ಲ ಎಂದರು. ಗೊತ್ತಿರಲಿಲ್ಲ ಎಂಬುದು ನಿಜವೇ ಇರಬೇಕು. ಚಳಿಗಾಲದ ಆರಂಭದಲ್ಲಿ ಹಾರಿಸಿದರೆ ಹಕ್ಕಿಗೆ ಆಗುವ ನಷ್ಟವನ್ನು ತುಂಬಿಕೊಳ್ಳಲು ತಿಂಗಳುಗಳಿರುತ್ತವೆ. ಮಾರ್ಚ್ ಕೊನೆಯಲ್ಲಿ ಅಷ್ಟು ಬಿಡುವಿಲ್ಲ. ದಂಡೆಯ ಮೇಲೆ ವಾಹನ ಓಡಿಸುವವರೂ, ನಾಯಿಯನ್ನು ಬಿಟ್ಟು ಬೆನ್ನಟ್ಟಿಸುವವರೂ ಈ ಆರು ವಾರವಾದರೂ ತಡೆದುಕೊಂಡರೆ ಸಾಕು ಎಂದು ನಾನು ಕಂಡವರಲ್ಲೆಲ್ಲ ಕೇಳಿಕೊಳ್ಳುತ್ತೇನೆ.

ದಕ್ಷಿಣಕ್ಕೆ, ಕುಮಟಾದ ಬದಿಯ ಅಘನಾಶಿನಿ ಅಳಿವೆಯಲ್ಲಿ ನೋಟ ಇನ್ನೂ ದೊಡ್ಡದು. ಅಣೆಕಟ್ಟು ಕಾಣದೆ ಹರಿಯುವ ಆ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು, 4,801 ಹೆಕ್ಟೇರ್. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಲ್ಲಿ ನಿಂತ ಉಪ್ಪುನೀರಿನ ತೆಳುಪದರದಲ್ಲಿ ಗೊರವಗಳು ನಡೆದಾಡುತ್ತವೆ, ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಕೆಸರಿಗಿಳಿದ ಹೆಂಗಸರ ಸಾಲಿನ ಆಚೆಗೆ ಉದ್ದ ಬಾಗುಕೊಕ್ಕಿನ ಕರ್ಲ್ಯೂಗಳು ಅದೇ ಕೆಸರನ್ನು ತಡಕಾಡುತ್ತವೆ. ದಿನವೂ ಕಂಡ ಆ ಹೆಂಗಸರಿಗೆ ಅವು ಹೆದರುವುದಿಲ್ಲ. ಹೊಸಬಳಾದ ನಾನು ದಂಡೆಯಲ್ಲಿ ಎದ್ದುನಿಂತರೆ ಸಾಕು, ಹಾರುತ್ತವೆ.

ಈ ಜಿಲ್ಲೆಯಲ್ಲಿ ಹಕ್ಕಿಗಳನ್ನು ಬರೆದಿಡುವ ಕೆಲಸ ಹೊಸದೇನಲ್ಲ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿದ್ದಾಗ ಇಲ್ಲಿಯೂ ಕೆಲಸ ಮಾಡಿದ್ದರು. ಇಲ್ಲಿನ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಅದೇ ಸೊಸೈಟಿಯ ಪತ್ರಿಕೆಯಲ್ಲಿ 1898ರಲ್ಲಿ ಬರೆದರು. ಈಗ ಯಾರು ಬೇಕಾದರೂ 2002ರಲ್ಲಿ ಆರಂಭವಾದ, ಹಕ್ಕಿ ನೋಟಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಕಂಡದ್ದನ್ನು ಸೇರಿಸಬಹುದು. ಆದರೆ ನನಗೆ ಒಂದು ಕೊರತೆ ಕಾಣುತ್ತದೆ. ಏಷ್ಯಾದ ನೀರುಹಕ್ಕಿಗಳ ಗಣತಿ ಜನವರಿಯಲ್ಲಿ ನಡೆಯುತ್ತದೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಫೆಬ್ರವರಿ ಮಧ್ಯದ ನಾಲ್ಕು ದಿನ. ಅದು ಮುಗಿದ ಮೇಲೆ ನಮ್ಮಲ್ಲಿ ಬಹಳ ಮಂದಿ ದುರ್ಬೀನನ್ನು ಕಪಾಟಿನಲ್ಲಿಡುತ್ತಾರೆ. ಸೆಕೆ ಏರುತ್ತದೆ, ಪರೀಕ್ಷೆಗಳು ಬರುತ್ತವೆ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಇದೇ ಹೊತ್ತಿಗೆ ಬೀಳುತ್ತದೆ. ಹಕ್ಕಿಗಳು ಹೊರಡುವ ದಿನಗಳೂ ಅವೇ. ಜನವರಿಯಲ್ಲಿ ಎಷ್ಟಿದ್ದವು ಎಂಬುದರ ಜೊತೆಗೆ ಏಪ್ರಿಲಿನಲ್ಲಿ ಯಾವಾಗ ಖಾಲಿಯಾದವು ಎಂಬುದೂ ಬೇಕು. ಋತುಗಳು ಸರಿಯುತ್ತಿರುವ ಈ ಕಾಲದಲ್ಲಿ ಅದು ಮೊದಲಿಗಿಂತ ಹೆಚ್ಚು ಬೇಕು. ಅದಕ್ಕೆ ಹತ್ತು ಜಾತಿ ಗೊತ್ತಿರಬೇಕಾಗಿಲ್ಲ. ಮನೆಯ ಮುಂದಿನ ಒಂದೇ ಕುಂಡೆಕುಸ್ಕವನ್ನು ದಿನವೂ ನೋಡಿದರೆ ಆಯಿತು.

ಆಯಿಗೆ ಈ ಹಕ್ಕಿ ಏಕೆ ಹೋಗುತ್ತದೆ ಎಂಬ ಬಗ್ಗೆ ಯಾವ ಗೊಂದಲವೂ ಇಲ್ಲ. “ಬಾಣಂತನಕ್ಕೆ ತವರಿಗೆ ಹೋದಾಂಗೆ, ಮಳೆ ಮುಗದ್ಮೇಲೆ ಮಕ್ಕಳ ಕರ್ಕಂಡು ಬತ್ತು,” ಎನ್ನುತ್ತಾಳೆ. ಘಟ್ಟದ ಮೇಲಿಂದ ಕರಾವಳಿಗೆ ಮದುವೆಯಾಗಿ ಬಂದು, ಎರಡು ಹೆರಿಗೆಗೂ ಅದೇ ಮನೆಗೆ ಹೋಗಿದ್ದ ನನಗೆ ಈ ಮಾತು ಹಿಡಿಸುತ್ತದೆ. ಒಂದು ತಿದ್ದುಪಡಿ ಮಾತ್ರ ಇದೆ: ದಂಡೆಯ ಪ್ಲೋವರ್‌ಗಳಲ್ಲಿಯೂ ಗೊರವಗಳಲ್ಲಿಯೂ ಸಾಮಾನ್ಯವಾಗಿ ತಾಯಿತಂದೆ ಹಕ್ಕಿಗಳು ಮರಿ ಮಾಡಿದ ಜಾಗದಿಂದ ಮುಂಚೆ ಹೊರಟುಬಿಡುತ್ತವೆ; ಮರಿಗಳು ಕೆಲವು ವಾರಗಳ ಅನಂತರ, ಹಿಂದೆಂದೂ ಕಾಣದ ಈ ಕರಾವಳಿಗೆ, ಕರೆತರುವವರಿಲ್ಲದೆ ತಾವೇ ಬರುತ್ತವೆ. ಇದನ್ನು ಹೇಳಿದಾಗ ಆಯಿ ಅಡಿಕೆ ಹಾಳೆ ಗುಡಿಸುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು.

ಹೊರಡುವುದನ್ನೇ ಕಣ್ಣಾರೆ ಕಂಡದ್ದು ನನಗೆ ಒಂದೇ ಸಲ. ಏಪ್ರಿಲ್ ಎರಡನೆಯ ವಾರದ ಒಂದು ಸಂಜೆ, ಸೂರ್ಯ ಕೂರ್ಮಗಡದ ಆಚೆಗೆ ಇಳಿಯುತ್ತಿದ್ದಾಗ, ದಂಡೆಯಲ್ಲಿದ್ದ ಪ್ಲೋವರ್ ಹಿಂಡಿನಿಂದ ಮೂವತ್ತರಷ್ಟು ಹಕ್ಕಿಗಳು ಒಮ್ಮೆಲೇ ಎದ್ದವು. ಹೆದರಿ ಏಳುವಾಗ ಅವು ನೀರಿಗೆ ತಾಗುವಂತೆ ತಗ್ಗಾಗಿ ಹಾರಿ ಮತ್ತೆ ಅಲ್ಲೇ ಇಳಿಯುತ್ತವೆ. ಅಂದು ಹಾಗಾಗಲಿಲ್ಲ. ಎಡೆಬಿಡದೆ ಕೂಗುತ್ತ, ಸುತ್ತುತ್ತ ಮೇಲೇರಿ, ಒಂದು ಸುತ್ತಿನಲ್ಲಿ ಎರಡು ಹಕ್ಕಿಗಳು ಬೇರೆಯಾಗಿ ಕೆಳಗಿಳಿದವು. ಉಳಿದವು ಓರೆಸಾಲಾಗಿ ಹೊಂದಿಕೊಂಡು ಮಾಜಾಳಿಯ ಮೇಲಿಂದ ಉತ್ತರಕ್ಕೆ ಹೋದವು. ದುರ್ಬೀನಿನಲ್ಲಿ ಚುಕ್ಕೆಯಾಗಿ ಕರಗುವವರೆಗೂ ಕೂಗು ಸಣ್ಣಗೆ ಕೇಳುತ್ತಲೇ ಇತ್ತು. ಇಳಿದ ಎರಡರಲ್ಲಿ ಒಂದಕ್ಕೂ ಎದೆಯಲ್ಲಿ ಕೆಂಪಿರಲಿಲ್ಲ. ಅಂಥ ಮೊದಲ ವರ್ಷದ ಹಕ್ಕಿಗಳಲ್ಲಿ ಕೆಲವು ಉತ್ತರಕ್ಕೆ ಹೋಗದೆ ಇಲ್ಲೇ ಉಳಿಯುತ್ತವೆ. ಜೂನಿನಲ್ಲಿ ಸಮುದ್ರ ಕೆರಳಿ ದಂಡೆಯನ್ನು ಕೊರೆಯುವಾಗಲೂ, ದೇವಬಾಗದ ತುದಿಯ ಮರಳಿನಲ್ಲಿ ಗಾಳಿಗೆ ತಲೆ ತಗ್ಗಿಸಿ ನಿಂತ ಎರಡು ಹಕ್ಕಿಗಳು ನನಗೆ ಆ ವರ್ಷ ಸಿಕ್ಕವು. ಅವೇ ಎಂದು ಹೇಳಲಾರೆ. ಪುಸ್ತಕದಲ್ಲಿ ‘ಇಂದು ಇದೆ’ ಎಂದು ಬರೆದುಕೊಂಡೆ.