ಹೋಗೋಣ್ವಾ, ಇಲ್ಲೇ ಇರೋಣ್ವಾ?

ಮಗ ವಾಟ್ಸಾಪ್‌ನಲ್ಲಿ ಕಳಿಸಿದ, ನಿವೃತ್ತರ ವಸತಿಯೊಂದರ ಬ್ರೋಷರ್ ತುಂಬ ಅಜ್ಜ ಅಜ್ಜಿಯರು ನಗುತ್ತಿದ್ದರು. ಒಬ್ಬರಿಗಾದರೂ ಮಂಡಿನೋವು ಇದ್ದ ಹಾಗೆ ಕಾಣಲಿಲ್ಲ. "ಸುಮ್ನೆ ಒಂದ್ಸಲ ಹೋಗಿ ಇದ್ದು ನೋಡಿ ಅಮ್ಮ. ಟ್ರಯಲ್ ಸ್ಟೇ ಅಂತ ಇದೆ, ದುಡ್ಡು ಕಟ್ಟಿದ್ದೀನಿ" ಅಂದ. ಅವನಿರುವುದು ಡಬ್ಲಿನ್‌ನಲ್ಲಿ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಮಾವನವರು ಸಿಐಟಿಬಿ (ಆಗಿನ ನಗರಾಭಿವೃದ್ಧಿ ಮಂಡಳಿ) ಸೈಟಿನಲ್ಲಿ ಕಟ್ಟಿಸಿದ ಮನೆಯಲ್ಲಿ.

ಅವನಿಗೆ ಈ ಯೋಚನೆ ಬರುವುದಕ್ಕೆ ಕಾರಣ ಇತ್ತು. ಗೌರಿ ಹಬ್ಬದ ಹಿಂದಿನ ದಿನ ಯಜಮಾನರು ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ. ಆದರೆ ನನ್ನ ಕೈಲಿ ಅವರನ್ನು ಎತ್ತಲು ಆಗಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದೆ, ಗೋಡೆಗೆ ಒರಗಿಸಲು ನೋಡಿದೆ, ಸೋಪಿನ ಮೈ ಜಾರುತ್ತಿತ್ತು. ಕೊನೆಗೆ ಕಿಟಕಿಯಿಂದ ಪಕ್ಕದ ಮನೆ ಹುಡುಗನನ್ನು ಕೂಗಿದೆ. ಜಿಮ್‌ಗೆ ಹೋಗುವ ಹುಡುಗ, ಓಡಿಬಂದ. "ಅಂಕಲ್, ನನ್ನ ಕುತ್ತಿಗೆ ಹಿಡ್ಕೊಳ್ಳಿ" ಅಂತ ಎತ್ತಿ ಮಂಚದ ಮೇಲೆ ಮಲಗಿಸಿದ. ಅವನಿಗೆ ಇಂಜಿನಿಯರಿಂಗ್ ಕೊನೆಯ ವರ್ಷ. ಮುಗಿದ ಮೇಲೆ ಅವನೂ ಹೊರಡುವವನೇ.

ಹಾಗಾಗಿ ನಾನು ಹೂಂ ಅಂದೆ. ಯಜಮಾನರು ಮಾತ್ರ "ಅಪ್ಪ ಕಟ್ಟಿಸಿದ ಮನೆ ಇರುವಾಗ ಇದೆಲ್ಲ ಯಾತಕ್ಕೆ?" ಅಂತ ಮುಖ ಊದಿಸಿಕೊಂಡೇ ಕಾರು ಹತ್ತಿದರು. ನಾದಿನಿಯ ಫೋನ್ ಬೇರೆ. "ಏನತ್ತಿಗೆ, ಮಗ ಆಶ್ರಮಕ್ಕೆ ಸೇರಿಸ್ತಿದ್ದಾನಂತೆ?" ಮಳವಳ್ಳಿ ದಾಟುವವರೆಗೂ ಅವಳಿಗೆ ಸಮಾಧಾನ ಹೇಳುವುದೇ ಆಯಿತು.

ಜಾಗ ಇರುವುದು ಕನಕಪುರ ರಸ್ತೆಯಿಂದ ಒಳಗೆ. ಮೆಟ್ರೋ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದಿದೆ, ಇದು ಅದಕ್ಕಿಂತ ಬಹಳ ಆಚೆ. ಸುತ್ತ ರಾಗಿ ಹೊಲ, ನಡುನಡುವೆ ಲೇಔಟಿನ ಬೋರ್ಡುಗಳು. ಗಾಳಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಆದರೆ ಇವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಮೈಸೂರಿನಲ್ಲಾದರೆ ಕೆಆರ್‌ಎಸ್ ರಸ್ತೆಯ ಜಯದೇವಕ್ಕೆ ರಾತ್ರಿ ಹೊತ್ತು ಆಟೋ ಹಿಡಿದರೂ ಬೇಗ ತಲುಪಬಹುದು. ಇಲ್ಲಿ ಗೇಟಿನ ಹತ್ತಿರ ಆಂಬುಲೆನ್ಸ್ ನಿಂತಿರುತ್ತದೆ. ಸಂಜೆ ಆರು ಗಂಟೆಗೆ ಕನಕಪುರ ರಸ್ತೆಯಲ್ಲಿ ಆ ಆಂಬುಲೆನ್ಸ್ ಎಷ್ಟು ವೇಗವಾಗಿ ಹೋದೀತು ಅನ್ನುವುದನ್ನು ಬ್ರೋಷರ್ ಹೇಳುವುದಿಲ್ಲ.

ಮೊದಲು ಇಷ್ಟವಾಗಿದ್ದನ್ನೇ ಹೇಳುತ್ತೇನೆ. ಬೆಳಗ್ಗೆ ಎದ್ದಾಗ ತಿಂಡಿಗೆ ಏನು ಮಾಡಲಿ ಅಂತ ಯೋಚಿಸಬೇಕಾಗಿರಲಿಲ್ಲ. ಗಂಡಸರಿಗೆ ಇದರ ಬೆಲೆ ಗೊತ್ತಾಗುವುದಿಲ್ಲ. ನಾನು ಬ್ಯಾಂಕಿನಿಂದ ನಿವೃತ್ತಳಾಗಿ ವರ್ಷಗಳಾದವು, ಅಡುಗೆಮನೆಯಿಂದ ಯಾರೂ ನನಗೆ ಬೀಳ್ಕೊಡುಗೆ ಕೊಟ್ಟಿಲ್ಲ. ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ ಇತ್ತು, ಕಾಫಿಗೆ ಮಾತ್ರ. ಡಿಕಾಕ್ಷನ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸದೆ ಒಂದು ಬೆಳಗ್ಗೆ ಕಳೆದೆ. ಬರೀ ಇದಕ್ಕಾಗಿಯೇ ಸೇರಿಬಿಡೋಣ ಅನ್ನಿಸಿತು.

ಊಟದ ಹಾಲ್ ನೋಡುವುದಕ್ಕೇ ಚೆಂದ. ಒಂದು ಟೇಬಲ್ಲಿನಲ್ಲಿ ತಮಿಳು, ಇನ್ನೊಂದರಲ್ಲಿ ಕೊಂಕಣಿ, ಮೂಲೆಯಲ್ಲಿ ಒಂದು ಮಾರ್ವಾಡಿ ದಂಪತಿ. ಎಲ್ಲರಿಗೂ ಸಲ್ಲುವ ಹಾಗೆ ಅಡುಗೆ ಮಾಡಲು ಹೋಗಿ ಸಾರು ಯಾರದ್ದೂ ಅಲ್ಲದ ಹಾಗಿತ್ತು. ಉಪ್ಪು ಕಮ್ಮಿ, ಖಾರ ಕಮ್ಮಿ. ಆಮೇಲೆ ಗಮನಿಸಿದೆ, ಮುಕ್ಕಾಲು ಜನ ಊಟಕ್ಕೆ ಬರುವಾಗ ಕೈಯಲ್ಲಿ ಒಂದು ಪುಟ್ಟ ಡಬ್ಬಿ ತರುತ್ತಾರೆ. ಒಬ್ಬರದ್ದು ಚಟ್ನಿಪುಡಿ, ಒಬ್ಬರದ್ದು ಗುರೆಳ್ಳು ಪುಡಿ, ಒಬ್ಬರದ್ದು ಮಿಡಿ ಉಪ್ಪಿನಕಾಯಿ. ಅನ್ನ ಬಡಿಸಿದ ಮೇಲೆ ಡಬ್ಬಿಗಳು ಟೇಬಲ್ಲಿನ ಸುತ್ತ ಒಂದು ರೌಂಡ್ ಹೊಡೆಯುತ್ತವೆ. ಬಿಪಿ ಇದ್ದವರೇ ಮಿಡಿಗೆ ಮೊದಲು ಕೈ ಹಾಕುತ್ತಿದ್ದರು.

ಅಲ್ಲಿ ನಮಗೆ ಸಿಕ್ಕವರು ಧಾರವಾಡದ ಮೇಷ್ಟ್ರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನಮ್ಮ ಯಜಮಾನರಿಗೆ, "ಬರ್ರಿ ಸರ್, ರಮ್ಮಿಗೆ ಒಂದ್ ಕೈ ಕಡಿಮಿ ಬಿದ್ದದ" ಅಂದರು. ಇವರು ಅಷ್ಟಕ್ಕೇ ಕಾಯುತ್ತಿದ್ದವರ ಹಾಗೆ ಎದ್ದುಹೋದರು. ಸಂಜೆಯ ಕಾಫಿಗೂ ಬರಲಿಲ್ಲ. ಮೈಸೂರಿನಲ್ಲಿ ಇವರ ಜೊತೆ ಇಸ್ಪೀಟು ಆಡುತ್ತಿದ್ದವರಲ್ಲಿ ಇಬ್ಬರು ಹೋಗಿಬಿಟ್ಟರು, ಒಬ್ಬರು ಮಗಳ ಮನೆ ಸೇರಿದರು. ಇವರು ದಿನವಿಡೀ ಟಿವಿ ನೋಡುವುದು ಅದಕ್ಕೇ ಅಂತ ನನಗೆ ಹೊಳೆದಿದ್ದು ಅಲ್ಲಿ, ಆ ಕೋಣೆಯಿಂದ ಇವರ ನಗು ಕೇಳಿದಾಗ.

ಇವರು ಇಸ್ಪೀಟಿನಲ್ಲಿ ಇರುವಾಗ ನಾನು ರೂಮಿನ ತಪಾಸಣೆ ಮಾಡಿದೆ. ಬಾಗಿಲು ಅಗಲ ಇದೆ, ಗಾಲಿಕುರ್ಚಿ ಬರುತ್ತದೆ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆ. ಬಾತ್‌ರೂಮಿನಲ್ಲಿ ಹೊಸ್ತಿಲಿಲ್ಲ, ಟೈಲ್ಸ್ ಒರಟು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿಗಳು. ಬಾಗಿಲು ಹೊರಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ, ಅಲ್ವಾ? ನಮ್ಮ ಮನೆಯದ್ದು ಒಳಕ್ಕೇ ತೆರೆಯುವುದು.

ಕಮೋಡಿನ ಪಕ್ಕ ಒಂದು ಕೆಂಪು ಹಗ್ಗ ಇತ್ತು. ಎಳೆದರೆ ನರ್ಸ್ ಇರುವ ಕಡೆ ಗಂಟೆ ಬಾರಿಸುತ್ತದೆ. ಈ ಹಗ್ಗ ನೆಲದ ಹತ್ತಿರದವರೆಗೆ ಇಳಿಬಿದ್ದಿರಬೇಕು, ಯಾಕೆಂದರೆ ಅದನ್ನು ಎಳೆಯಬೇಕಾದವರು ನೆಲದ ಮೇಲೆ ಇರುತ್ತಾರೆ. ಇಲ್ಲಿ ಯಾರೋ ಅದನ್ನು ನೀಟಾಗಿ ಸುತ್ತಿ, ಗಂಟು ಹಾಕಿ, ನನ್ನ ಭುಜದ ಎತ್ತರಕ್ಕೆ ಕಟ್ಟಿದ್ದರು. ನೆಲ ಒರೆಸುವಾಗ ಮಾಪಿಗೆ ಸಿಕ್ಕಿಕೊಳ್ಳುತ್ತದಂತೆ. ಗಂಟು ಬಿಚ್ಚಿ ಎಳೆದು ನೋಡಿದೆ. ಒಬ್ಬ ಹುಡುಗಿ ಏದುಸಿರು ಬಿಡುತ್ತಾ ಬಂದಳು. "ಏನಾಯ್ತು ಆಂಟಿ?" ಬಂದಿದ್ದು ಬೇಗನೇ. ಹಗ್ಗ ಕಟ್ಟಿದ್ದನ್ನು ತೋರಿಸಿದೆ. "ಅಯ್ಯೋ, ಹೌಸ್‌ಕೀಪಿಂಗ್‌ನವರು" ಅಂದಳು. ಮಾರನೆಯ ದಿನ ರೂಮು ಗುಡಿಸಿ ಹೋದ ಮೇಲೆ ನೋಡಿದರೆ ಮತ್ತೆ ಗಂಟು.

2019ರಲ್ಲಿ ಕೇಂದ್ರದ ವಸತಿ ಸಚಿವಾಲಯ ಇಂಥ ನಿವೃತ್ತರ ಮನೆಗಳಿಗೆ ಅಂತಲೇ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಯಾವ ಮಾರ್ಗಸೂಚಿಯೂ ಮಾಪ್ ಹಿಡಿದವರವರೆಗೆ ತಾನಾಗಿ ಹೋಗುವುದಿಲ್ಲ.

ಇನ್ನು ದುಡ್ಡು. ಸರ್ವಿಸಿನ ಬಹುಪಾಲು ಸಾಲದ ಕಾಗದ ಓದುವುದರಲ್ಲೇ ಕಳೆದವಳು ನಾನು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅವರಲ್ಲಿ ಎರಡು ದಾರಿ ಇದ್ದವು. ಒಂದು, ಫ್ಲ್ಯಾಟ್ ಕೊಳ್ಳುವುದು. ಅದು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದೆ, ಕಾಗದಪತ್ರ ಸರಿ ಇತ್ತು. ಆದರೆ ಅಲ್ಲಿ ವಾಸ ಮಾಡಲು 55 ದಾಟಿರಬೇಕು. ಅಂದರೆ ನಮ್ಮ ನಂತರ ಫ್ಲ್ಯಾಟ್ ಮಗನಿಗೆ ಬರುತ್ತದೆ, ಅವನು ಅದರಲ್ಲಿ ಇರುವ ಹಾಗಿಲ್ಲ. ಮಾರಿದರೂ ಕೊಳ್ಳುವವರು ಆ ವಯಸ್ಸಿನವರೇ ಆಗಬೇಕು. ಎರಡನೆಯದು, 30 ಲಕ್ಷ ಡೆಪಾಸಿಟ್ ಇಟ್ಟು ತಿಂಗಳು ತಿಂಗಳು ಕಟ್ಟುವುದು. ಇಬ್ಬರಿಗೆ ಊಟ ಸೇರಿ 70 ಸಾವಿರ, ಜಿಎಸ್‌ಟಿ ಬೇರೆ. ಮಗನಿಗೆ ಹಿಡಿಸಿದ್ದು ಇದು.

ಕರಾರುಪತ್ರ ತರಿಸಿ ಓದಿದೆ. 11 ತಿಂಗಳಿನದ್ದು, ಆಮೇಲೆ ನವೀಕರಣ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ಅನ್ನುತ್ತಾರೆ. ಬಾಡಿಗೆ ಮನೆಗೆ ಅದು ಸರಿ. 30 ಲಕ್ಷ ಇಟ್ಟುಕೊಂಡು 11 ತಿಂಗಳ ಕಾಗದವೇ? ರೇರಾ ಕಾಯ್ದೆಯಲ್ಲೂ ಬಾಡಿಗೆಗೆ ಇರುವವರನ್ನು ಹಂಚಿಕೆದಾರರ, ಅಂದರೆ ಕಾಯ್ದೆಯ ರಕ್ಷಣೆ ಇರುವ ಕೊಳ್ಳುವವರ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪನಿ ಮುಳುಗಿದರೆ ನನ್ನ ಡೆಪಾಸಿಟ್‌ಗೆ ಆಧಾರ ಏನು ಅಂತ ಕೇಳಿದೆ. "ನಮ್ಮ ಬ್ರ್ಯಾಂಡ್ ಮೇಡಂ" ಅಂದ ಮ್ಯಾನೇಜರ್ ಹುಡುಗ. ನಾನು ಸರ್ವಿಸಿನಲ್ಲಿದ್ದಾಗ ಹೀಗೆ ಹೇಳಿದ ಯಾರಿಗೂ ಸಾಲ ಕೊಟ್ಟಿಲ್ಲ.

ಇನ್ನೊಂದು ಸಾಲು, ಪ್ರತಿವರ್ಷ ಎಂಟು ಪರ್ಸೆಂಟ್ ಏರಿಕೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಮೊತ್ತ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅಂತ ಸುಮಾರಾಗಿ ಸಿಗುತ್ತದೆ. 72ನ್ನು 8ರಿಂದ ಭಾಗಿಸಿ, ಒಂಬತ್ತು. ಒಂಬತ್ತು ವರ್ಷಕ್ಕೆ 70 ಸಾವಿರ ಒಂದು ಲಕ್ಷ ನಲವತ್ತಾಗುತ್ತದೆ. ಆಗ ಇವರಿಗೆ 82. ನಮ್ಮ ಬ್ಯಾಂಕ್ ಪಿಂಚಣಿ ಹೇಗೆ ಅಂತ ಗೊತ್ತಿದ್ದವರಿಗೆ ಗೊತ್ತು. ಬೇಸಿಕ್ ನಿವೃತ್ತಿಯ ದಿನ ಎಷ್ಟಿತ್ತೋ ಅಷ್ಟೇ, ಏರುವುದು ಡಿಎ (ತುಟ್ಟಿಭತ್ಯೆ) ಮಾತ್ರ. ನಾನು ಮೊದಲು ಹೋದರೆ ಇವರಿಗೆ ಬರುವುದು ಕುಟುಂಬ ಪಿಂಚಣಿ. 2021ರಲ್ಲಿ ಅದನ್ನು ಕೊನೆಯ ಸಂಬಳದ 30 ಪರ್ಸೆಂಟ್ ಮಾಡಿದರು, ಮೊದಲು ಇನ್ನೂ ಕಮ್ಮಿ ಇತ್ತು. ಅಲ್ಲಿ ಒಬ್ಬರೇ ಆದರೆ ಶುಲ್ಕ ಅರ್ಧ ಆಗುವುದಿಲ್ಲ, 52 ಸಾವಿರ. ಒಬ್ಬರು ಹೋದ ಮೇಲಿನ ಲೆಕ್ಕವನ್ನು ಇಬ್ಬರೂ ಕೂತು ಹಾಕಬೇಕು. ಇವರಿಗೆ ಇಷ್ಟವಿರಲಿಲ್ಲ. ಕೂರಿಸಿದೆ.

ಮನೆ ಅಡವಿಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ದುಡ್ಡು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ತೆಗೆದುಕೊಳ್ಳಬಹುದಲ್ಲ ಅಂತ ಮಗ ಕೇಳಿದ. 2007-08ರ ಬಜೆಟ್‌ನಲ್ಲಿ ಹೇಳಿ ಶುರು ಮಾಡಿದ ಯೋಜನೆ ಅದು. ಆದರೆ ಅದು ಆ ಮನೆಯಲ್ಲೇ ವಾಸ ಇರುವ ಹಿರಿಯರಿಗೆ. ಮನೆ ಬಿಟ್ಟು ಬೇರೆ ಕಡೆ ಖಾಯಂ ಹೋದರೆ ಸಾಲ ತೀರಿಸಬೇಕಾಗುತ್ತದೆ. ಹಾಗಾದರೆ ಉಳಿದಿದ್ದು ಮನೆ ಮಾರುವುದು, ಇಲ್ಲವೇ ಬಾಡಿಗೆಗೆ ಕೊಡುವುದು. ಮಾರಿದ ಮೇಲೆ ಅಲ್ಲಿ ಸರಿಹೋಗಲಿಲ್ಲ ಅಂದರೆ ವಾಪಸ್ ಬರುವುದೆಲ್ಲಿಗೆ? ಮಾರುವ ಮಾತನ್ನು ನಾನು ಅಲ್ಲಿಗೇ ನಿಲ್ಲಿಸಿದೆ.

ಕರಾರಿನ 14ನೇ ಕಲಮು ನನ್ನನ್ನು ಇನ್ನೂ ಬಿಟ್ಟಿಲ್ಲ. ನಿವಾಸಿ ತನ್ನ ಕೆಲಸ ತಾನೇ ಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಅಂತ ಆಡಳಿತಕ್ಕೆ ಅನ್ನಿಸಿದರೆ, ಕುಟುಂಬದವರು ಸೂಕ್ತ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಅಂದರೆ ಏನು? ಹಾಸಿಗೆ ಹಿಡಿದರೆ, ಮರೆವು ಜಾಸ್ತಿಯಾಗಿ ದಾರಿ ತಪ್ಪಲು ಶುರುವಾದರೆ, ಕರೆದುಕೊಂಡು ಹೋಗಿ ಅಂತಲೇ ಅಲ್ವಾ? ಮ್ಯಾನೇಜರ್ ನಕ್ಕ. "ಆಂಟಿ, ಪಾಸಿಟಿವ್ ಆಗಿ ಯೋಚ್ನೆ ಮಾಡಿ." ನಾವು ಅಲ್ಲಿಗೆ ಹೋಗಿದ್ದೇ ಬಚ್ಚಲಮನೆಯ ಆ ಮಧ್ಯಾಹ್ನದಿಂದಾಗಿ. ಕೈಕಾಲು ಚೆನ್ನಾಗಿರುವವರೆಗೆ ನೋಡಿಕೊಳ್ಳುತ್ತೇವೆ ಅನ್ನುವುದಾದರೆ, ಅಷ್ಟನ್ನು ನಾನೂ ನೋಡಿಕೊಳ್ಳುತ್ತೇನೆ.

ಇದನ್ನೇ ಹಾಸನದ ಟೀಚರ್ ಹತ್ತಿರ ಕೇಳಿದೆ. ಒಬ್ಬರೇ ಇದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರಿದಿತ್ತಂತೆ. ಆಪರೇಷನ್ ಆಗಿ ಬಂದ ಮೇಲೆ ಏಜೆನ್ಸಿಯಿಂದ ಒಬ್ಬ ಹೆಂಗಸನ್ನು ರೂಮಿನಲ್ಲೇ ಇಟ್ಟುಕೊಂಡಿದ್ದರು, ಅವಳ ಸಂಬಳ ಇವರದ್ದೇ, ಅವಳ ಊಟದ ಬಿಲ್ಲೂ ಬೇರೆ. "ಬೇಜಾರಾಗಲಿಲ್ವಾ?" ಅಂದೆ. "ಆಯ್ತು. ಆದ್ರೂ ವಾಪಸ್ ಹೋಗಲ್ಲಮ್ಮ. ನಾನು ಬಿದ್ದಾಗ ಊಟಕ್ಕೆ ಬರ್ಲಿಲ್ಲ ಅಂತ ಪಕ್ಕದ ರೂಮಿನವರು ಬಾಗಿಲು ಬಡಿದ್ರು. ಹಾಸನದ ಮನೇಲಾಗಿದ್ರೆ ಮಾರನೇ ದಿನ ಹಾಲಿನವನು ಬಂದಾಗಲೇ ಗೊತ್ತಾಗ್ತಿದ್ದಿದ್ದು." ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ಒಂದು ಮಾತ್ರ ಹೇಳ್ತೀನಿ. ನೋಟಿಸ್ ಬೋರ್ಡಿನಲ್ಲಿ ಆಗಾಗ ಫೋಟೋಗೆ ಹಾರ ಹಾಕ್ತಾರೆ. ಮೊದಮೊದಲು ಊಟ ಸೇರ್ತಿರಲಿಲ್ಲ. ಈಗ ಅಭ್ಯಾಸ ಆಗಿದೆ. ಆ ಅಭ್ಯಾಸ ಆಗಿದ್ದು ನಂಗೆ ಇಷ್ಟ ಇಲ್ಲ."

ಒಬ್ಬರೇ ಇರುವವರಿಗೆ ಈ ಜಾಗ ಸರಿ ಅಂತ ನನಗೆ ಅನ್ನಿಸಿತು. ಇಬ್ಬರು ಇರುವವರಿಗೆ, ಅದರಲ್ಲೂ ಓಡಾಡಿ ಗೊತ್ತಿರುವ ಊರಿನಲ್ಲಿ ನೆಲಮಟ್ಟದ ಮನೆ ಇರುವವರಿಗೆ, ಅಷ್ಟು ಸುಲಭದ ಲೆಕ್ಕ ಅಲ್ಲ. ಮೈಸೂರಿನಲ್ಲಿ ಹೂವಿನವಳಿಂದ ಹಿಡಿದು ಮೆಡಿಕಲ್ ಸ್ಟೋರ್ ಹುಡುಗನವರೆಗೆ ಎಲ್ಲರಿಗೂ ನಮ್ಮ ಮನೆಯ ಔಷಧಿ ಪಟ್ಟಿ ಬಾಯಿಪಾಠ. ಅದಕ್ಕೆ ಯಾರೂ ಬಿಲ್ ಹಾಕುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅವರ್ಯಾರೂ ಇರುವುದಿಲ್ಲ.

ಊರಿಗೆ ಬಂದು ಮಾಡಿದ ಮೊದಲ ಕೆಲಸ ಬಡಗಿಯನ್ನು ಕರೆಸಿದ್ದು. ಬಚ್ಚಲಮನೆ ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಸ್ಟೀಲ್ ಕಂಬಿ ಹಾಕಿಸಿದೆವು, ನುಣುಪು ಟೈಲ್ಸ್ ಕೀಳಿಸಿದೆವು. ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಕಾಲಿಂಗ್ ಬೆಲ್ಲಿನ ಸ್ವಿಚ್ ಇಟ್ಟಿದ್ದೇವೆ. ಅದು ಹೊಡೆದುಕೊಳ್ಳುವುದು ಪಕ್ಕದ ಮನೆಯಲ್ಲಿ, ಅವರೇ ಒಪ್ಪಿ ವೈರ್ ಎಳೆಸಿಕೊಂಡರು.

ಅಲ್ಲಿಗೆ ಈಮೇಲ್‌ನಲ್ಲಿ ಪ್ರಶ್ನೆಗಳನ್ನು ಕಳಿಸಿದ್ದೆ. ಹಗ್ಗಗಳನ್ನೆಲ್ಲ ಬಿಚ್ಚಿಸಿದ್ದೇವೆ ಅಂತ ಬರೆದರು. ಡೆಪಾಸಿಟ್‌ಗೆ ಬ್ಯಾಂಕ್ ಗ್ಯಾರಂಟಿ ಆಗುವುದಿಲ್ಲವಂತೆ. 14ನೇ ಕಲಮಿನ ಬಗ್ಗೆ "ಸಂದರ್ಭ ನೋಡಿ ತೀರ್ಮಾನಿಸುತ್ತೇವೆ" ಅಂತ ಒಂದೇ ಸಾಲು. ಡೆಪಾಸಿಟ್ ಕಟ್ಟಬೇಡ, ಹಾಸಿಗೆ ಹಿಡಿದವರನ್ನೂ ಅಲ್ಲೇ ನೋಡಿಕೊಳ್ಳುವ ವಿಭಾಗ ಇರುವ ಜಾಗ ಹುಡುಕು, ರೂಮು ಚಿಕ್ಕದಾದರೂ ಪರವಾಗಿಲ್ಲ ಅಂತ ಮಗನಿಗೆ ಹೇಳಿದ್ದೇನೆ. ಹೋಗುವುದಾದರೆ ನಾವು ಓಡಾಡಿಕೊಂಡು ಇರುವಾಗಲೇ ಹೋಗಬೇಕು, ಬಿದ್ದ ಮೇಲೆ ನಮ್ಮನ್ನು ಹೊತ್ತುಕೊಂಡು ಹೋಗಿ ಸೇರಿಸುವುದು ಬೇಡ ಅಂತಲೂ ಹೇಳಿದೆ.

ಯಜಮಾನರು ಮಾತ್ರ ಪಾರ್ಟಿ ಬದಲಾಯಿಸಿದ್ದಾರೆ. ಧಾರವಾಡದ ಮೇಷ್ಟ್ರು ದಿನಾ ಫೋನ್ ಮಾಡುತ್ತಾರೆ. ಡೆಪಾಸಿಟ್ ಇಲ್ಲದೆ ತಿಂಗಳ ಲೆಕ್ಕದಲ್ಲೂ ರೂಮು ಕೊಡುತ್ತಾರಂತೆ, ರೇಟು ಸ್ವಲ್ಪ ಜಾಸ್ತಿ. ಏಪ್ರಿಲ್‌ನಲ್ಲಿ ಒಂದು ತಿಂಗಳು ಹೋಗಿ ಇರೋಣ ಅನ್ನುತ್ತಿದ್ದಾರೆ. ನಾನು ಆಗಲಿ ಅಂದಿದ್ದೇನೆ, ಚಟ್ನಿಪುಡಿ ನೀವೇ ಕುಟ್ಟಬೇಕು ಅನ್ನುವ ಷರತ್ತಿನ ಮೇಲೆ.